ನೆರಳಿನ ಓಣಿಯಲ್ಲಿ ಮೇಡನ್‌ಹೇರ್ ಜರಿಗಿಡ: ಮಾರ್ಚ್ ಬಂದರೆ ಗರಿ ಸುಡುತ್ತದೆ, ಏನು ಮಾಡಬೇಕು?

ಹೊಂಗೆನೆರಳು (ಬೆಂಗಳೂರು)

ಮನೆಯ ಉತ್ತರಕ್ಕೆ, ಮನೆಗೋಡೆಗೂ ಕಾಂಪೌಂಡಿಗೂ ನಡುವೆ 18 ಅಡಿ ಉದ್ದ, 4 ಅಡಿ ಅಗಲದ ಓಣಿ ಇದೆ. ಮೇಲೆ ಹೊಂಗೆ ಮರದ ನೆರಳು. ನೇರ ಬಿಸಿಲು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಅಲ್ಲಿ ಮೇಡನ್‌ಹೇರ್ ಜರಿಗಿಡಗಳನ್ನು ಕುಂಡ ಬಿಟ್ಟು ನೆಲದಲ್ಲೇ ಬೆಳೆಸಬೇಕೆಂದಿದ್ದೇನೆ. ಈಗ ಕುಂಡದಲ್ಲಿರುವವು ಜೂನ್‌ನಿಂದ ಜನವರಿವರೆಗೆ ಚೆನ್ನಾಗಿರುತ್ತವೆ. ಮಾರ್ಚ್‌ನಲ್ಲಿ ಎಲೆಯಂಚು ಕಂದಾಗಿ, ಆಮೇಲೆ ಇಡೀ ಗರಿ ಗರಿಗರಿ ಒಣಗುತ್ತದೆ. ದಿನಕ್ಕೆ ಎರಡು ಸಲ ನೀರು ಸಿಂಪಡಿಸಿದರೂ ಅಷ್ಟೇ. ನೀರು ಬೋರ್‌ವೆಲ್‌ನದು. ಮಣ್ಣು ಅರ್ಧ ಕೆಂಪು ಮಣ್ಣು, ಅರ್ಧ ಕೋಕೋಪೀಟ್. ಎಲ್ಲಿಂದ ಶುರು ಮಾಡಲಿ?

ಕಾಡುಜರಿ (ಶಿರಸಿ)

ಸಿಂಪಡಿಸುವುದನ್ನು ಮೊದಲು ನಿಲ್ಲಿಸಿ. ಮಾರ್ಚ್–ಏಪ್ರಿಲ್ ಮಧ್ಯಾಹ್ನ ನಿಮ್ಮಲ್ಲಿ ಗಾಳಿಯ ತೇವ ಎಷ್ಟೋ ದಿನ ಶೇ 30ಕ್ಕಿಂತ ಕೆಳಗಿರುತ್ತದೆ. ಸಿಂಪಡಿಸಿದ ಹನಿ ಕೆಲವೇ ನಿಮಿಷಗಳಲ್ಲಿ ಆರಿಹೋಗುತ್ತದೆ. ಉಳಿಯುವುದು ಬೋರ್ ನೀರಿನ ಉಪ್ಪು ಮಾತ್ರ, ಅದೂ ಎಲೆಯಂಚಿನಲ್ಲೇ.

ಈ ಗಿಡ ಬೇಸಿಗೆ ದಾಟುವುದು ಬೇರಿನ ಬಲದಿಂದ. ಮೇಡನ್‌ಹೇರ್‌ನ ಎಲೆ ತೀರಾ ತೆಳು, ನೀರು ಕೂಡಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಬೇರುಗಳೂ ಕೂದಲೆಳೆಯಂಥವು, ಹೆಚ್ಚಿನವು ಮೇಲಿನ ನಾಲ್ಕೈದು ಅಂಗುಲದಲ್ಲೇ ಇರುತ್ತವೆ. ಒಂದೇ ಒಂದು ಮಧ್ಯಾಹ್ನ ಆ ಪದರ ಒಣಗಿದರೂ ಸಾಕು, ಬಾಡಿದ ಗರಿ ಮತ್ತೆ ಏಳುವುದಿಲ್ಲ. ತುಳಸಿ, ದಾಸವಾಳದ ಹಾಗೆ ಸಂಜೆ ನೀರು ಹಾಕಿದರೆ ಚೇತರಿಸಿಕೊಳ್ಳುತ್ತದೆ ಎಂದು ನಂಬಬೇಡಿ. ಹಾಗೆಂದು ಸದಾ ಜವುಗು ಮಾಡಿದರೆ ಬುಡ ಕೊಳೆಯುತ್ತದೆ. ತೇವವೂ ಬೇಕು, ಬೇರಿಗೆ ಗಾಳಿಯೂ ಆಡಬೇಕು. ಕೆಂಪು ಮಣ್ಣು–ಕೋಕೋಪೀಟ್ ಮಿಶ್ರಣದಲ್ಲಿ ಇವೆರಡೂ ಸಿಗುವುದಿಲ್ಲ. ಜೇಡಿ ಕೋಕೋಪೀಟಿನ ಸಂದಿಗಳನ್ನು ತುಂಬಿ, ಒಣಗಿದಾಗ ಇಟ್ಟಿಗೆಯಾಗುತ್ತದೆ.

ಇನ್ನೊಂದು, ನಿಮ್ಮ ಓಣಿಯ ಎರಡೂ ತುದಿ ತೆರೆದಿವೆಯೇ? ಹಾಗಿದ್ದರೆ ಅದು ಗಾಳಿಯ ಕೊಳವೆ. ನೆರಳಿದ್ದರೆ ಸಾಕೆಂದು ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ನೆರಳಿನಲ್ಲೂ ಒಣಗಾಳಿ ಬೀಸುತ್ತಿದ್ದರೆ ಈ ಗಿಡ ಉಳಿಯದು.

ಹೊಂಗೆನೆರಳು

ಹೌದು ಸರ್, ಎರಡೂ ಕಡೆ ತೆರೆದಿದೆ. ಪಶ್ಚಿಮದ ಕಡೆಯಿಂದ ಮಧ್ಯಾಹ್ನ ಜೋರು ಗಾಳಿ.

ನೀರಿನಲೆಕ್ಕ (ಮೈಸೂರು)

ಬೋರ್ ನೀರಿನ ಟಿಡಿಎಸ್ (ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣ, ಮಿಲಿಗ್ರಾಂ ಲೆಕ್ಕದಲ್ಲಿ) ಎಷ್ಟು? ಅದು ಗೊತ್ತಿಲ್ಲದೆ ಮುಂದಿನ ಮಾತೆಲ್ಲ ಊಹೆ. ಪೆನ್ನಿನಂಥ ಮೀಟರ್ ಸಿಗುತ್ತದೆ, ಒಂದು ನಿಮಿಷದ ಕೆಲಸ.

ಹೊಂಗೆನೆರಳು

ಪಕ್ಕದ ಮನೆಯವರ ಮೀಟರ್‌ನಲ್ಲಿ ನೋಡಿದೆ ಸರ್, 900 ತೋರಿಸಿತು. ಬಕೆಟ್‌ಗೆ ಬಿಳಿ ಪೊರೆಯೂ ಕಟ್ಟುತ್ತದೆ.

ನೀರಿನಲೆಕ್ಕ

ಎಲೆಯಂಚು ಸುಡುವುದಕ್ಕೆ ಅರ್ಧ ಕಾರಣ ಅಲ್ಲೇ ಇದೆ. ನರ್ಸರಿಗಳಲ್ಲಿ ಹೆಚ್ಚಾಗಿ ಮಾರುವ ಮೇಡನ್‌ಹೇರ್ ದಕ್ಷಿಣ ಅಮೆರಿಕ ಮೂಲದ್ದು, ಅಡಿಯಾಂಟಮ್ ರಡ್ಡಿಯಾನಮ್. ತುಸು ಹುಳಿ ಮಣ್ಣು, ಮೆದು ನೀರು ಅದಕ್ಕೆ ಹಿತ. 250ರ ಆಸುಪಾಸಿನ ನೀರು ಕೊಟ್ಟರೆ ತೊಂದರೆಯಿಲ್ಲ.

ಬೆರೆಸುವ ಲೆಕ್ಕ ಹೀಗೆ: 900ರ ಬೋರ್ ನೀರು 1 ಪಾಲು, ಆರ್‌ಒ ಶುದ್ಧ ನೀರು (50 ಎಂದಿಟ್ಟುಕೊಳ್ಳಿ) 3 ಪಾಲು. ಒಟ್ಟು 1,050, ನಾಲ್ಕರಿಂದ ಭಾಗಿಸಿದರೆ ಸುಮಾರು 260. ಆರ್‌ಒ ಯಂತ್ರ ಹೊರಬಿಡುವ ನೀರನ್ನು ಮಾತ್ರ ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಉಪ್ಪು ತುಂಬುವ ಸಾಫ್ಟ್‌ನರ್ ಇರುವ ಮನೆಗಳಲ್ಲಿ ಆ ನೀರೂ ಬೇಡ. ಅದು ಸುಣ್ಣ ತೆಗೆದು ಸೋಡಿಯಂ ಸೇರಿಸುತ್ತದೆ, ಜರಿಗಿಡಕ್ಕೆ ಇದು ಇನ್ನೂ ಕೆಟ್ಟದ್ದು.

ಮಳೆನೀರು ಹಿಡಿಯುವುದೇ ಉತ್ತಮ. 100 ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆಯಾದರೆ ಸುಮಾರು 90 ಲೀಟರ್. ಏಪ್ರಿಲ್–ಮೇ ತಿಂಗಳ ಎರಡು ಒಳ್ಳೆಯ ಮಳೆಗೆ ಸಾವಿರ ಲೀಟರ್ ಟ್ಯಾಂಕ್ ತುಂಬಿಸಬಹುದು, ತಾರಸಿಯ ಅರ್ಧ ಭಾಗದ ಕೊಳವೆ ಜೋಡಿಸಿದರೂ ಸಾಕು. ಮೊದಲ ಮಳೆಯ ಕೊಳೆನೀರನ್ನು ಬಿಟ್ಟುಬಿಡಿ.

ಕಾಡುಜರಿ

ಲೆಕ್ಕ ಸರಿ. ಆದರೆ 18 ಅಡಿ ಪಾತಿಗೆ ದಿನಾ ಆರ್‌ಒ ನೀರು ಬೆರೆಸುತ್ತ ಕೂರುವುದು ಎಷ್ಟು ದಿನ ನಡೆದೀತು? ನೀರನ್ನು ಗಿಡಕ್ಕೆ ಹೊಂದಿಸುವ ಬದಲು ನೀರಿಗೆ ಹೊಂದುವ ಗಿಡ ಹುಡುಕುವುದು ಸುಲಭ. ಅಡಿಯಾಂಟಮ್ ಕ್ಯಾಪಿಲಸ್–ವೆನೆರಿಸ್ ಎಂಬ ಜಾತಿ ಇದೆ. ನಮ್ಮ ದೇಶದಲ್ಲೂ ಕಾಡಿನದೇ ಗಿಡ. ಸುಣ್ಣಕಲ್ಲಿನ ಮೇಲೆ, ನೀರು ಜಿನುಗುವ ಬಂಡೆಯಲ್ಲಿ, ಹಳೆ ಬಾವಿಯ ಗಾರೆಯ ಸಂದಿಯಲ್ಲಿ ಬೆಳೆಯುವಂಥದ್ದು. ಗಡಸು ನೀರು ಅದಕ್ಕೆ ಒಗ್ಗುತ್ತದೆ. ಸಿಮೆಂಟ್ ಕಾಂಪೌಂಡಿನ ಬುಡದಲ್ಲಿ ಸುಣ್ಣ ಇಳಿದಿರುತ್ತದಲ್ಲ, ಅಲ್ಲಿ ರಡ್ಡಿಯಾನಮ್ ಸೊರಗಿದರೆ ಇದು ಚಿಗುರುತ್ತದೆ.

ಎರಡನ್ನೂ ಗುರುತಿಸಲು ಗರಿಯ ಹಿಂಭಾಗ ನೋಡಿ. ಅಂಚು ಒಳಮಡಚಿ ಬೀಜಕಗಳನ್ನು (ಜರಿಗಿಡ ಬೀಜದ ಬದಲು ಬಿಡುವ ಪುಡಿಯಂಥ ಕಣಗಳು) ಮುಚ್ಚಿರುತ್ತದೆ. ಆ ಮಡಿಕೆ ದುಂಡಗೆ, ಮೂತ್ರಪಿಂಡದ ಆಕಾರದಲ್ಲಿದ್ದರೆ ರಡ್ಡಿಯಾನಮ್. ಉದ್ದುದ್ದ, ಬಾಗಿದ ಗೆರೆಯಂತಿದ್ದರೆ ಕ್ಯಾಪಿಲಸ್–ವೆನೆರಿಸ್. ನರ್ಸರಿಯ ಚೀಟಿ ನಂಬಿಕೊಂಡು ಕೊಳ್ಳಬೇಡಿ, ಎರಡಕ್ಕೂ ಒಂದೇ ಹೆಸರು ಬರೆದಿರುತ್ತಾರೆ.

ಮಂಜಿನೂರು (ಮಡಿಕೇರಿ)

ಇನ್ನೆರಡು ಹೆಸರು ಸೇರಿಸುತ್ತೇನೆ. ಅಡಿಯಾಂಟಮ್ ಹಿಸ್ಪಿಡುಲಮ್: ಗರಿ ಕೈಬೆರಳಿನಂತೆ ಕವಲೊಡೆಯುತ್ತದೆ, ಮುಟ್ಟಿದರೆ ಒರಟು, ಹೊಸ ಚಿಗುರು ತಾಮ್ರಗೆಂಪು. ಒಣಗಾಳಿಯನ್ನು ಉಳಿದವುಗಳಿಗಿಂತ ಚೆನ್ನಾಗಿ ತಡೆಯುತ್ತದೆ. ಗಾಳಿ ಬರುವ ಪಶ್ಚಿಮದ ತುದಿಗೆ ಇದನ್ನೇ ಹಾಕಿ.

ಇನ್ನೊಂದು ನಮ್ಮ ಮಳೆಗಾಲದ ದರೆಯಲ್ಲೆಲ್ಲ ಕಾಣುವ ಹಂಸಪಾದಿ, ಅಡಿಯಾಂಟಮ್ ಫಿಲಿಪೆನ್ಸೆ. ಅರ್ಧಚಂದ್ರದಂಥ ಎಲೆಗಳ ಸಾಲು, ಗರಿಯ ತುದಿ ನೆಲ ಮುಟ್ಟಿದಲ್ಲಿ ಹೊಸ ಮರಿ. ಮಳೆ ನಿಂತ ಮೇಲೆ ಇದು ಪೂರ್ತಿ ಒಣಗಿ ನೆಲದೊಳಗೆ ಮಲಗುತ್ತದೆ. ಸತ್ತಿತೆಂದು ಕಿತ್ತೆಸೆಯುವವರೇ ಹೆಚ್ಚು. ಒಣಗಿದ ಮೇಲೆ ನೀರು ಕಡಿಮೆ ಮಾಡಿ ಸುಮ್ಮನೆ ಬಿಟ್ಟರೆ ಮುಂಗಾರಿಗೆ ತಾನೇ ಏಳುತ್ತದೆ. ಆ ಹೊತ್ತಿನಲ್ಲಿ ನೀರು ಸುರಿದರೇ ಕೊಳೆಯುವುದು.

ಕಾಡಿನಿಂದ ಕಿತ್ತು ತರುವುದು ಮಾತ್ರ ಬೇಡ. ಮೀಸಲು ಅರಣ್ಯದಿಂದ ಗಿಡ ತೆಗೆಯುವುದು ಅಪರಾಧ. ದೊಡ್ಡ ಗಿಡ ಕಿತ್ತರೆ ಬೇರು ಹರಿದು ಬದುಕುವುದೂ ಅಪರೂಪ. ಹಂಸಪಾದಿಯನ್ನು ತೋಟವಿರುವವರ ಹತ್ತಿರ ಕೇಳಿದರೆ ಮರಿ ಕೊಟ್ಟೇ ಕೊಡುತ್ತಾರೆ.

ಹೊಂಗೆನೆರಳು

ಪಾತಿ ಮಾಡುವ ಕ್ರಮ ಹೇಳಿ. ಹೊಂಗೆಯ ಬೇರು ನೆಲದ ಮೇಲೇ ಹರಡಿದೆ, ಅಗೆಯಲು ಆಗುವುದಿಲ್ಲ.

ಕಾಡುಜರಿ

ಅಗೆಯಬೇಡಿ, ಏರು ಪಾತಿ ಮಾಡಿ. ಕಾಂಪೌಂಡಿನ ಬದಿಗೆ 2 ಅಡಿ ಅಗಲ, 9 ಅಂಗುಲ ಎತ್ತರ. ಮನೆಗೋಡೆಗೆ ಮಣ್ಣು ತಾಗಿಸಲೇಬೇಡಿ, ತೇವ ಒಳಗೆ ಏರುತ್ತದೆ. ಕಾಂಪೌಂಡ್ ನಿಮ್ಮದೇ ಆಗಿದ್ದರೂ ಅದರ ಪಕ್ಕ ಒಂದು ಸಾಲು ಹೆಂಚಿನ ಚೂರು ನಿಲ್ಲಿಸಿ ಆಮೇಲೆ ಮಣ್ಣು ತುಂಬಿ. ಮುಂದಿನ ಅಂಚಿಗೆ ಜಂಬಿಟ್ಟಿಗೆ ಒಂದು ವರಸೆ ಸಾಕು. ಸಿಮೆಂಟ್ ಹಾಕಿ ಕೂಡಿಸಬೇಡಿ, ಸಂದಿಯಲ್ಲಿ ನೀರು ಬಸಿಯಲಿ.

ತಳದ ಮಣ್ಣನ್ನು ಕೈಗುದ್ದಲಿಯಿಂದ, ಬೇರು ಇಲ್ಲದ ಕಡೆ, ನಾಲ್ಕು ಅಂಗುಲ ಸಡಿಲಿಸಿ. ಹೆಬ್ಬೆರಳಿಗಿಂತ ದಪ್ಪದ ಬೇರು ಕಡಿಯಬೇಡಿ. ತಳಕ್ಕೆ ಜಲ್ಲಿ ಪದರ ಹಾಕಿ ಎಂದು ಎಲ್ಲರೂ ಹೇಳುತ್ತಾರೆ, ನಾನು ಬೇಡ ಎನ್ನುತ್ತೇನೆ. ನಯವಾದ ಮಿಶ್ರಣದಿಂದ ನೀರು ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಮೇಲಿನ ಪದರ ಪೂರ್ತಿ ನೆನೆದ ಮೇಲೆಯೇ ಇಳಿಯುವುದು. ಅಂದರೆ ಜಲ್ಲಿಯ ಮೇಲೇ ಜವುಗು ನಿಲ್ಲುತ್ತದೆ. ಮಿಶ್ರಣ ನೇರ ನೆಲಕ್ಕೆ ತಾಗಲಿ.

ಪಾತಿಯ ಗಾತ್ರ 18 × 2 × ಮುಕ್ಕಾಲು ಅಡಿ, ಅಂದರೆ 27 ಘನ ಅಡಿ, ಸುಮಾರು 765 ಲೀಟರ್. 20 ಲೀಟರ್ ಬಕೆಟ್‌ನಲ್ಲಿ 38. ಮಣ್ಣು ಕುಗ್ಗುತ್ತದೆ, 45 ಬಕೆಟ್ ಸಿದ್ಧವಿರಲಿ. ಹತ್ತು ಪಾಲಿನ ಲೆಕ್ಕ: ಎಲೆಗೊಬ್ಬರ 4, ತೊಳೆದ ಕೋಕೋಪೀಟ್ 2, ಇಟ್ಟಿಗೆ ಅಥವಾ ಜಂಬಿಟ್ಟಿಗೆ ಚೂರು (ಕಡಲೆಕಾಳಿನಷ್ಟು) 2, ದಪ್ಪ ಮರಳು 1, ಸೌದೆ ಇದ್ದಿಲಿನ ಚೂರು 1. ಎಂ–ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ಜರಡಿ ಹಿಡಿದು ಪುಡಿ ತೆಗೆಯಿರಿ. ಅಡುಗೆ ಒಲೆಯ ಬೂದಿ ಬೆರೆತ ಇದ್ದಿಲು ಬೇಡ.

ಎಲೆಗೊಬ್ಬರ ಎಂದರೆ ಒಂದು ವರ್ಷ ಕೊಳೆತು ಕಪ್ಪಾದ ದರಕು (ಉದುರಿದ ಒಣ ಎಲೆ). ಹೊಂಗೆ, ಹಲಸು, ಮಾವು ಯಾವುದಾದರೂ ಸರಿ. ನೀಲಗಿರಿ, ಅಕೇಶಿಯಾ ಬೇಡ, ಕೊಳೆಯುವುದೂ ನಿಧಾನ. ಅರ್ಧ ಕೊಳೆತದ್ದನ್ನು ಹಾಕಿದರೆ ಕೊಳೆಯುವಾಗ ಬಿಸಿಯಾಗಿ ಬೇರು ಬೇಯುತ್ತದೆ.

ನೀರಿನಲೆಕ್ಕ

ಕೋಕೋಪೀಟ್ ಬಗ್ಗೆ ಒಂದು ಮಾತು. 5 ಕಿಲೋ ಇಟ್ಟಿಗೆ ನೆನೆದರೆ ಸುಮಾರು 70 ಲೀಟರ್ ಆಗುತ್ತದೆ. ಒಂಬತ್ತು ಬಕೆಟ್‌ಗೆ ಮೂರು ಇಟ್ಟಿಗೆ ತನ್ನಿ, ಸ್ವಲ್ಪ ಉಳಿಯುತ್ತದೆ. ಕರಾವಳಿಯ ತೆಂಗಿನ ನಾರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಹೆಚ್ಚು. ಗೋಣಿಚೀಲದಲ್ಲಿ ಕಟ್ಟಿ ಮೂರು ಸಲ ನೆನೆಸಿ ಹಿಂಡಿ. ಕೊನೆಯ ಹಿಂಡು ನೀರಿನ ಟಿಡಿಎಸ್ ನೀವು ಹಾಕಿದ ನೀರಿನದಕ್ಕಿಂತ 100–150 ಮಾತ್ರ ಹೆಚ್ಚಿದ್ದರೆ ಸರಿ. ಬಣ್ಣ ತಿಳಿಯಾದರೆ ಸಾಕೆಂದು ನಿಲ್ಲಿಸಬೇಡಿ, ಬಣ್ಣಕ್ಕೂ ಉಪ್ಪಿಗೂ ಸಂಬಂಧವಿಲ್ಲ.

ನೀರಿಗೆ ಡ್ರಿಪ್ ಹಾಕಿ. ಅಡಿಗೊಂದರಂತೆ ಗಂಟೆಗೆ 2 ಲೀಟರ್‌ನ 18 ಡ್ರಿಪ್ಪರ್. ಕಾಲು ಗಂಟೆ ಬಿಟ್ಟರೆ ಒಟ್ಟು 9 ಲೀಟರ್. ಬೇಸಿಗೆಯಲ್ಲಿ ಬೆಳಿಗ್ಗೆ ಕಾಲು ಗಂಟೆ, ತೀರಾ ಒಣಗಿದ ದಿನ ಸಂಜೆ ಇನ್ನೊಮ್ಮೆ. ಬೆರಳನ್ನು ಎರಡು ಅಂಗುಲ ಇಳಿಸಿ ನೋಡಿಯೇ ಸಮಯ ಬದಲಿಸಿ. ಗಡಸು ನೀರಿಗೆ ಡ್ರಿಪ್ಪರ್ ಬಾಯಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ. ಒಂದು ಡ್ರಿಪ್ಪರ್ ಕಟ್ಟಿದರೂ ಆ ಬುಡದ ಗಿಡ ಹೋಯಿತೆಂದೇ ಲೆಕ್ಕ. ಮಳೆಗಾಲದಲ್ಲಿ ಒಮ್ಮೆ ಜೋರು ಮಳೆ ಪಾತಿಯ ಮೇಲೆ ನೇರ ಬೀಳಲಿ, ಕೂಡಿದ ಉಪ್ಪು ತೊಳೆದು ಹೋಗುತ್ತದೆ.

ಚೀರೆಕಲ್ಲು (ಉಡುಪಿ)

ಮಾರಾಯ್ರೆ, ಗಾಳಿಯ ವಿಷಯ ಅರ್ಧಕ್ಕೇ ಬಿಟ್ರಲ್ಲ. ಪಶ್ಚಿಮದ ಬಾಯಿಗೆ ಬಿದಿರು ತಟ್ಟಿಯೋ ಶೇ 50ರ ಶೇಡ್ ನೆಟ್ಟೋ 5 ಅಡಿ ಎತ್ತರಕ್ಕೆ ಕಟ್ಟಿ. ಗಟ್ಟಿ ಗೋಡೆ ಕಟ್ಟಬೇಡಿ, ಗಾಳಿ ಅದರ ಮೇಲೆ ಹಾರಿ ಆಚೆ ಸುಳಿದು ಬೀಳುತ್ತದೆ. ಸಂದಿ ಇರುವ ತಟ್ಟಿ ಗಾಳಿಯ ವೇಗ ತಗ್ಗಿಸುತ್ತದೆ. ತಟ್ಟಿಯ ಒಳಗೆ ನೆಫ್ರೊಲೆಪಿಸ್ ಎಂಬ ಇನ್ನೊಂದು ಜರಿಗಿಡ ಒಂದು ಸಾಲು ನೆಡಿ, ಅದು ಗಟ್ಟಿಗ. ಆದ್ರೆ ಅದರ ಬಳ್ಳಿಬೇರು ಎಲ್ಲ ಕಡೆ ಓಡ್ತದೆ, ನಡುವೆ ಒಂದು ಹಂಚು ಹೂಳಿ ತಡೀಬೇಕು.

ಮತ್ತೆ, ಚೀರೆಕಲ್ಲಿನ (ಅದೇ ಜಂಬಿಟ್ಟಿಗೆ) ರಂಧ್ರ ಇದಕ್ಕೇ ಹೇಳಿ ಮಾಡಿಸಿದ್ದು. ಕಲ್ಲಿನ ಮುಖದಲ್ಲಿ ಎರಡು ಅಂಗುಲ ಆಳದ ಗುಳಿ ಕೊರೆದು, ಎಲೆಗೊಬ್ಬರ ಒತ್ತಿ, ಚಿಕ್ಕ ಮರಿ ಸಿಕ್ಕಿಸಿದ್ರೆ ಒಂದು ಮಳೆಗಾಲದಲ್ಲಿ ಹಿಡೀತದೆ. ದೊಡ್ಡ ಗಿಡ ತುರುಕಿದ್ರೆ ಹಿಡಿಯೂದಿಲ್ಲ. ಮಂಜಿನೂರಿನವರ ಹಂಸಪಾದಿ ಇಲ್ಲಿ ಚೆಂದ ಇಳಿಬೀಳ್ತದೆ.

ಹಿಮದಜರಿ (ಎಡಿನ್‌ಬರೋ)

ಇಲ್ಲಿಂದ ಒಂದು ಮಾತು. ಹಿಮಾಲಯದ ಮೇಡನ್‌ಹೇರ್, ಅಡಿಯಾಂಟಮ್ ವೆನುಸ್ಟಮ್, ಇಲ್ಲಿಯ ನೆರಳಿನ ತೋಟಗಳ ಅಚ್ಚುಮೆಚ್ಚು. ನೋಡಲು ಅಷ್ಟು ನಾಜೂಕಾದರೂ ಮೈನಸ್ 15 ಡಿಗ್ರಿಗೂ ಜಗ್ಗದು. ಒಂದು ಅಡಿಗಿಂತ ಎತ್ತರ ಬೆಳೆಯದೆ ನೆಲಕ್ಕೆ ಹಾಸುತ್ತದೆ. ನೆಡುವಾಗ ನೆಲದಡಿಯ ಕಾಂಡವನ್ನು ಒಂದು ಸೆಂಟಿಮೀಟರ್‌ಗಿಂತ ಆಳಕ್ಕೆ ಹೂಳಬಾರದು. ಆಳವಾದರೆ ಕಾಂಡ ಕೊಳೆತು ವರ್ಷ ಕಳೆದರೂ ಚಿಗುರುವುದಿಲ್ಲ. ತಂತಿಯ ಕೊಕ್ಕೆಯಿಂದ ನೆಲಕ್ಕೆ ಒತ್ತಿ ಹಿಡಿದು, ಮೇಲೆ ಎಲೆಗೊಬ್ಬರ ಉದುರಿಸಬೇಕು. ಮೊದಲ ವರ್ಷ ಏನೂ ಆಗದಂತೆ ಕಾಣುತ್ತದೆ, ಕೆದಕಿ ನೋಡಬೇಡಿ. ಹಳೆಯ ಗರಿಗಳನ್ನು ಫೆಬ್ರುವರಿ ಕೊನೆಯಲ್ಲಿ, ಹೊಸ ಸುರುಳಿ (ಸುತ್ತಿಕೊಂಡ ಎಳೆಗರಿ) ಏಳುವ ಮೊದಲೇ, ಕತ್ತರಿಸಬೇಕು. ತಡವಾದರೆ ದಾರದಂಥ ಚಿಗುರೂ ಕತ್ತರಿಗೆ ಸಿಗುತ್ತದೆ.

ಮಂಜಿನೂರು

ಮಡಿಕೇರಿಯ ಚಳಿಗೆ ಇದು ಆಗಬಹುದೇ ಮೇಡಂ?

ಹಿಮದಜರಿ

ಶಿಫಾರಸು ಮಾಡಲಾರೆ. ಅದಕ್ಕೆ ನಿಜವಾದ ಚಳಿಗಾಲ ಬೇಕು. ನಿಮ್ಮ ಮಳೆಗಾಲದ ಬೆಚ್ಚಗಿನ ತೇವ ಅದಕ್ಕೆ ಒಗ್ಗದು, ಬೆಂಗಳೂರಿಗಂತೂ ಬೇಡವೇ ಬೇಡ. ಶಿಮ್ಲಾ, ಮಸ್ಸೂರಿ ಕಡೆ ನೆಲೆಸಿರುವ ಕನ್ನಡಿಗರಿಗೆ ಸರಿಹೋಗುತ್ತದೆ, ಅದು ಅದರ ತವರು. ಇಲ್ಲಿರುವವರಿಗೆ ಇನ್ನೊಂದು ಎಚ್ಚರಿಕೆ: ಸೂಪರ್‌ಮಾರ್ಕೆಟ್‌ನ ಮೇಡನ್‌ಹೇರ್ ರಡ್ಡಿಯಾನಮ್ ಜಾತಿಯದು. ಹೊರಗೆ ನೆಟ್ಟರೆ ಮೊದಲ ಹಿಮಕ್ಕೇ ಹೋಗುತ್ತದೆ.

ಅಂಗಳದಹಸಿರು (ಧಾರವಾಡ)

ನಡುವೆ ಕೇಳ್ತಿದ್ದೀನಿ ಕ್ಷಮಿಸ್ರಿ. ನಮ್ಮ ಗಿಡದ ಎಲಿ ಹಿಂದ ಸಾಲಾಗಿ ಕಂದು ಚುಕ್ಕಿ ಬಂದಾವ. ಔಷಧ ಏನ್ ಹೊಡೀಲ್ರಿ?

ಕಾಡುಜರಿ

ಏನೂ ಹೊಡೆಯಬೇಡಿ. ಅಂಚಿನುದ್ದಕ್ಕೂ ಒಂದೇ ಅಂತರದಲ್ಲಿ, ಹಿಂಬದಿಯಲ್ಲಿ ಮಾತ್ರ ಇದ್ದರೆ ಅವು ಬೀಜಕಗಳ ಗುಂಪು. ಶಲ್ಕ ಕೀಟವಾದರೆ ಅಡ್ಡಾದಿಡ್ಡಿ ಇರುತ್ತದೆ, ದಂಟಿನ ಮೇಲೂ ಕೂತಿರುತ್ತದೆ, ಉಗುರಿನಿಂದ ಎಬ್ಬಿಸಿದರೆ ಇಡಿಯಾಗಿ ಕಳಚುತ್ತದೆ, ಕೆಳಗೆ ಅಂಟು. ನಿಜವಾಗಿ ಕೀಟವೇ ಆಗಿದ್ದರೂ ಮೇಡನ್‌ಹೇರ್‌ಗೆ ಬೇವಿನೆಣ್ಣೆ, ಸೋಪಿನ ನೀರು, ಡೈಮಿಥೋಯೇಟ್‌ನಂಥ ಔಷಧ ಯಾವುದೂ ಆಗದು, ಗರಿ ಸುಡುತ್ತದೆ. ಹತ್ತಿದ ಗರಿಗಳನ್ನೆಲ್ಲ ಬುಡದಿಂದ ಕತ್ತರಿಸಿ ಚೀಲಕ್ಕೆ ಹಾಕಿ ಎಸೆಯಿರಿ. ಹಿಟ್ಟುತಿಗಣೆ ಬುಡದಲ್ಲಿದ್ದರೆ ನೀರಿನ ಸಣ್ಣ ಧಾರೆಯಿಂದ ತೊಳೆಯಿರಿ.

ಎಲೆಯ ಮೇಲೆ ನರಗಳ ನಡುವೆ ಕೋನಾಕಾರದ ಕಂದು ಪಟ್ಟಿ ಕಂಡರೆ ಎಲೆಯೊಳಗಿನ ಜಂತುಹುಳುವಿನ ಅನುಮಾನ. ಅದು ಎಲೆಯ ಮೇಲಿನ ನೀರಿನ ಪೊರೆಯಲ್ಲಿ ಈಜಿ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಸಿಂಪಡಿಸಬೇಡಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ.

ಚೀರೆಕಲ್ಲು

ಮಳೆಗಾಲದಲ್ಲಿ ಬಸವನಹುಳು ನೋಡ್ಕೊಳ್ಳಿ. ಎಳೆ ಸುರುಳಿಯನ್ನು ಒಂದೇ ರಾತ್ರಿ ಮುಗಿಸ್ತದೆ. ಸಂಜೆ ಒದ್ದೆ ಗೋಣಿ ಹಾಸಿಟ್ಟು ಬೆಳಿಗ್ಗೆ ಎತ್ತಿ, ಅಡಿಯಲ್ಲಿ ಸೇರಿರ್ತಾವೆ. ಆಫ್ರಿಕನ್ ದೈತ್ಯ ಹುಳುವನ್ನು ಬರಿಗೈಲಿ ಮುಟ್ಟಬೇಡಿ, ಅದರಲ್ಲಿ ಮನುಷ್ಯರಿಗೂ ತಗಲುವ ಪರೋಪಜೀವಿ ಇರ್ತದೆ. ಉಪ್ಪು ಚೆಲ್ಲಬೇಡಿ, ಅದು ಪಾತಿಗೇ ಇಳೀತದೆ.

ಹೊಂಗೆನೆರಳು

ಈಗ ಒಣಗಿ ನಿಂತಿರುವ ಗಿಡಗಳನ್ನು ಉಳಿಸಬಹುದೇ? ಗೊಬ್ಬರ ಕೊಡಲೇ?

ಮಂಜಿನೂರು

ಗೊಬ್ಬರ ಈಗ ಬೇಡ, ಬಳಲಿದ ಬೇರಿಗೆ ಅದು ಉಪ್ಪೇ. ಗರಿಗಳನ್ನೆಲ್ಲ ಮಣ್ಣಿನಿಂದ ಎರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಕುಂಡವನ್ನು ಮಳೆನೀರಿನ ಬಕೆಟ್‌ನಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ, ಬಸಿದು, ಗಾಳಿ ಬಾರದ ಮೂಲೆಯಲ್ಲಿಡಿ. ಎಲೆಯಿಲ್ಲದ ಗಿಡಕ್ಕೆ ನೀರು ಕಡಿಮೆ ಸಾಕು, ಮೇಲ್ಮಣ್ಣು ತೇವವಿದ್ದರಾಯಿತು. ಕಾಂಡ ಗಟ್ಟಿಯಾಗಿದ್ದರೆ ಮೂರ್ನಾಲ್ಕು ವಾರದಲ್ಲಿ ಸುರುಳಿ ಏಳುತ್ತದೆ. ಒತ್ತಿದರೆ ಮೆತ್ತಗಾಗಿ ವಾಸನೆ ಬಂದರೆ ಬಿಟ್ಟುಬಿಡಿ.

ಚಿಗುರಿದ ಗಿಡವನ್ನು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ, ಪಾತಿಗೆ ಇಳಿಸಿ. ಸೀಳುವುದಾದರೆ ಹರಿತ ಚಾಕು, ಪ್ರತಿ ತುಂಡಿಗೂ ಮೂರ್ನಾಲ್ಕು ಗರಿ ಇರಲಿ. ಗಿಡದಿಂದ ಗಿಡಕ್ಕೆ 12 ಅಂಗುಲ, ಕ್ಯಾಪಿಲಸ್–ವೆನೆರಿಸ್ ಆದರೆ 9. ಕುಂಡದಲ್ಲಿದ್ದಷ್ಟೇ ಆಳಕ್ಕೆ ನೆಟ್ಟು, ಬುಡ ಮುಚ್ಚದಂತೆ ಒಂದು ಅಂಗುಲ ದರಕು ಹಾಸಿ. ಗೊಬ್ಬರಕ್ಕೆ ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಗಿಡಕ್ಕೊಂದು ಹಿಡಿ ಎರೆಗೊಬ್ಬರ ಸಾಕು. ಇನ್ನೂ ಬೇಕೆನಿಸಿದರೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಅನ್ನು ಲೀಟರಿಗೆ ಅರ್ಧ ಗ್ರಾಂ, ತಿಂಗಳಿಗೊಮ್ಮೆ, ಒದ್ದೆ ಮಣ್ಣಿಗೆ ಮಾತ್ರ. ಹಸಿ ಸಗಣಿ, ಯೂರಿಯಾ ದೂರವಿಡಿ.

ಅಂಗಳದಹಸಿರು

ಹಂಗಾದ್ರ ಆ ಬೀಜಕದಿಂದ ಸಸಿ ಮಾಡ್ಲಿಕ್ಕೆ ಬರ್ತದೇನ್ರಿ?

ಕಾಡುಜರಿ

ಬರುತ್ತದೆ, ತಾಳ್ಮೆ ಬೇಕು ಅಷ್ಟೇ. ಮಡಿಕೆಗಳು ಗಾಢ ಕಂದಾಗಿ ಇನ್ನೂ ಬಿರಿಯದ ಗರಿಯನ್ನು ಕಾಗದದ ಲಕೋಟೆಯಲ್ಲಿಟ್ಟು, ಒಣ ಜಾಗದಲ್ಲಿ ಎರಡು ಮೂರು ದಿನ ಬಿಡಿ. ಪುಡಿ ಉದುರುತ್ತದೆ. ಬಿಳಿ ಹಾಳೆಗೆ ಸುರಿದು ಹಾಳೆಯನ್ನು ಓರೆ ಹಿಡಿದು ಮೆಲ್ಲಗೆ ತಟ್ಟಿದರೆ ಹೊಟ್ಟು ಮೊದಲು ಜಾರುತ್ತದೆ, ಬೀಜಕ ಹಾಳೆಗೆ ಅಂಟಿ ಉಳಿಯುತ್ತದೆ.

ಪಾರದರ್ಶಕ ಮುಚ್ಚಳದ ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆಯಿರಿ. ಜರಡಿ ಹಿಡಿದ ಕೋಕೋಪೀಟ್, ಎಲೆಗೊಬ್ಬರ ಸಮ ಪಾಲು ಬೆರೆಸಿ, ತೇವ ಮಾಡಿ, ಪಾತ್ರೆಯಲ್ಲಿ ಮುಚ್ಚಿ ಕುಕ್ಕರ್‌ನಲ್ಲಿ ಅರ್ಧ ಗಂಟೆ ಬೇಯಿಸಿ ಆರಿಸಿ. ಈ ಹೆಜ್ಜೆ ಬಿಟ್ಟವರಿಗೆ ಬರುವುದು ಪಾಚಿ, ಬೂಸ್ಟು ಮಾತ್ರ. ಎರಡು ಅಂಗುಲ ತುಂಬಿ, ಬೀಜಕವನ್ನು ಮೇಲೆ ತೆಳ್ಳಗೆ ಉದುರಿಸಿ. ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಮುಚ್ಚಳ ಬಿಗಿದು, ನೇರ ಬಿಸಿಲಿಲ್ಲದ ಕಿಟಕಿಯಲ್ಲಿ 20–25 ಡಿಗ್ರಿಯಲ್ಲಿಡಿ.

ಎರಡರಿಂದ ಆರು ವಾರಕ್ಕೆ ಹಸಿರು ಪೊರೆ, ಆಮೇಲೆ ಅರ್ಧ ಸೆಂಟಿಮೀಟರ್‌ನ ಹೃದಯಾಕಾರದ ಚಪ್ಪಟೆ ಎಲೆಗಳು ಕಾಣುತ್ತವೆ. ಗಂಡು–ಹೆಣ್ಣು ಕಣಗಳು ಕೂಡುವುದು ಇವುಗಳ ಅಡಿಯಲ್ಲಿ. ಗಂಡು ಕಣ ಈಜಿಯೇ ಹೋಗಬೇಕು. ಅದಕ್ಕೇ ಈ ಹಂತದಲ್ಲಿ ಕುದಿಸಿ ಆರಿಸಿದ ನೀರನ್ನು ಮಂಜಿನಂತೆ ಒಂದೆರಡು ಸಲ ಸಿಂಪಡಿಸಬೇಕು. ಇಲ್ಲಿ ಮಾತ್ರ ಸಿಂಪರಣೆಗೆ ಕೆಲಸವಿದೆ. ನೀರು ಸಿಗದಿದ್ದರೆ ತಿಂಗಳುಗಟ್ಟಲೆ ಚಪ್ಪಟೆ ಎಲೆಯಾಗಿಯೇ ಕೂರುತ್ತವೆ.

ಅಂಗಳದಹಸಿರು

ಸಣ್ಣ ಗರಿ ಬಂದ ಮ್ಯಾಲೆ ಒಂದೊಂದs ಕಿತ್ತು ಹಚ್ಚಬೇಕೇನ್ರಿ?

ಕಾಡುಜರಿ

ಬೇಡ. ಕಾಲು ಅಂಗುಲ ಅಗಲದ ಗುಂಪನ್ನೇ ಚಮಚದ ಹಿಡಿಯಿಂದ ಮಣ್ಣು ಸಮೇತ ಎತ್ತಿ ಬೇರೆ ಡಬ್ಬಿಗೆ ಇಡಿ, ಬಿಡಿಸಲು ಹೋದರೆ ಬೇರು ಹರಿಯುತ್ತದೆ. ಗರಿ ಎರಡು ಅಂಗುಲ ಆದ ಮೇಲೆ ಮುಚ್ಚಳವನ್ನು ಮೊದಲ ದಿನ ಒಂದು ಕಡ್ಡಿಯಷ್ಟು ಮಾತ್ರ ಸರಿಸಿ, ಹೀಗೆ ಎರಡು ವಾರದಲ್ಲಿ ಪೂರ್ತಿ ತೆಗೆಯಿರಿ. ಧಾರವಾಡದಲ್ಲಾದರೆ ಈ ಕೆಲಸ ಜುಲೈ–ಆಗಸ್ಟ್‌ಗೆ ಬರುವಂತೆ, ಜನವರಿ ಹೊತ್ತಿಗೆ ಬಿತ್ತಿ.